ನೀಲಿ ಮಾತ್ರ

ಸಂತೆಯಿಲ್ಲದ ದಿನ ಮಧ್ಯಾಹ್ನ ಮೂರಕ್ಕೆ
ಸಿದ್ದಾಪುರದ ನನ್ನ ಗ್ಯಾರೇಜಿಗೆ ನೊಣವೂ ಬರುವುದಿಲ್ಲ.
ಮುತ್ತ ಬಂದ, ಬೈಕು ತಳ್ಳಿಕೊಂಡು.
ಪೆಟ್ರೋಲು ಇತ್ತು. ಸ್ಟಾರ್ಟ್ ಮಾಡುವ ಧೈರ್ಯ ಇರಲಿಲ್ಲ.

'ರೈಟರದ್ದು' ಎಂದ, ಮೊದಲ ಮಾತೇ ಅದು,
ಕದ್ದದ್ದಲ್ಲ ಎಂದು ಯಾರೂ ಕೇಳದೆ ಹೇಳುವ ಹಾಗೆ.
'ಆರು ಗಂಟೆಗೆ ಲೆಕ್ಕ ಮುಗಿಸಿ ಹೊರಡ್ತಾರೆ.'

ಸೈಲೆನ್ಸರಿನ ಮೇಲೆ ಅಂಗೈಯಗಲ ನೀಲಿ,
ಉಕ್ಕಿದ ಹಾಲು ಒಲೆಯಂಚಿಗೆ ಒಣಗಿದಂತೆ ಸುಕ್ಕುಸುಕ್ಕು.
ನಡುವೆ ರೇನ್‌ಕೋಟಿನ ಒತ್ತುಗುಂಡಿಯೊಂದು ಕರಗದೆ
ಕಣ್ಣು ಬಿಟ್ಟುಕೊಂಡಿತ್ತು.

ಬೆಳಿಗ್ಗೆ ಹೂಮಳೆ ಬಿದ್ದಿತ್ತು.
ತೋಟದವರಿಗೆ ಅದು ಇಂಚಿನಲ್ಲಿ ಅಳೆಯುವ ಕಾಸು.
ಮುತ್ತನ ಮಗಳು ಸಿನಿಗೆ ಗಣಿತದ ಪರೀಕ್ಷೆ.
ಕರಡಿಗೋಡು ದಾರಿಗೆ ಆನೆ ಇಳಿದು ಬಸ್ಸು ನಿಂತಿತು,
ಆನೆಗೇನು, ಹಾಲ್ ಟಿಕೆಟ್ಟೇ, ಗಂಟೆಯೇ.
ಲೈನ್ ಮನೆಯಿಂದ ಆಫೀಸಿಗೆ ಓಡಿ ಕೇಳಿದನಂತೆ,
ಹದಿನೆಂಟು ವರ್ಷದಲ್ಲಿ ಮೊದಲ ಸಲ
ಸಂಬಳವಲ್ಲದ ಒಂದು ವಸ್ತು.
ಕುಶಾಲಪ್ಪನವರು ತಲೆ ಎತ್ತದೆ ಕೀ ಎಸೆದರಂತೆ.
ಸಿಟ್ಟಿಗೋ ಅವಸರಕ್ಕೋ, ಇವನಿಗೆ ಇನ್ನೂ ತಿಳಿದಿಲ್ಲ.

ಹಿಂದೆ ಕೂತ ಹುಡುಗಿ ಹಾಲ್ ಟಿಕೆಟನ್ನು
ಎರಡೂ ಕೈಯಲ್ಲಿ ಎದೆಗೆ ಒತ್ತಿದ್ದಳು;
ಕೋಟಿನ ಅಂಚು ಎಲ್ಲಿ ಜೋಲುತ್ತಿದೆ ಎಂದು ನೋಡಲು
ಮೂರನೆಯ ಕೈ ಇರಲಿಲ್ಲ.
ವಾಸನೆ ಇಬ್ಬರಿಗೂ ಬಂತು.
ನಿಲ್ಲಿಸಿದರೆ ಗಂಟೆ ಹೊಡೆಯುತ್ತದೆ.
ನಿಲ್ಲಿಸಲಿಲ್ಲ.

ಜೇಬಿನಲ್ಲಿ ಬ್ಲೇಡು ತಂದಿದ್ದ. ಕಸಿದು ಆಚೆ ಇಟ್ಟೆ:
ಕ್ರೋಮಿನ ಗೀರು ಬೈಕು ಗುಜರಿಗೆ ಹೋಗುವ ತನಕ.
'ಸ್ಟಾರ್ಟ್ ಮಾಡು' ಎಂದರೆ ಬೆಚ್ಚಿದ.
ಅಂಟಿಸಿದ್ದು ಬಿಸಿ, ಬಿಡಿಸುವುದೂ ಬಿಸಿಯೇ, ಮಾರಾಯ;
ತಣ್ಣಗಿದ್ದಾಗ ಕೆರೆದರೆ ಉಗುರು ಹೋಗುತ್ತದೆ, ನೀಲಿ ಹೋಗುವುದಿಲ್ಲ.
ಜಾಸ್ತಿ ಕಾದರೆ ಹೊಗೆ, ಕಮ್ಮಿಯಾದರೆ ಕಲ್ಲು,
ನಡುವೆ ಬೆಲ್ಲದ ಪಾಕದಂಥ ಒಂದು ಹದ.
ಹನಿ ನೀರು ಚುಂಯ್ ಎನ್ನಬೇಕು, ಹಾರಬಾರದು.

ಬಿದಿರಿನ ಚಕ್ಕೆ ಸೀಳಿ ಕೊಟ್ಟೆ.
ನೋಡಿದ, ಏನೂ ಹೇಳದೆ ಕತ್ತಿಯಲ್ಲಿ ಮತ್ತೆ ಸವರಿದ.
ಬಿದಿರು ನನಗಿಂತ ಅವನಿಗೆ ಗೊತ್ತು.
ನೀಲಿ ಸುರುಳಿಯಾಗಿ ಏಳತೊಡಗಿತು.
ಗುಂಡಿ ಟಿಣ್ಣೆಂದು ಬಿತ್ತು, ಎತ್ತಿ ಜೇಬಿಗಿಟ್ಟ.

ನೀಲಿಯ ಕೆಳಗೆ ಹಳದಿ.

ಕೈ ನಿಂತಿತು.
ಹಳೆಯ ಹಳದಿ, ಅಂಚು ಕಪ್ಪು, ಒಳಗೆ ತಿರುಗುಮುರುಗು ಅಕ್ಷರ.
ಬೈಕಿನದೇ ಕನ್ನಡಿ ಬಿಚ್ಚಿ ಹಿಡಿದು ಓದಿದೆ:
'...ಸಿಲ್ಕ್ಸ್, ಗೋಣಿಕೊಪ್ಪ.'
ಮುತ್ತ ನಕ್ಕ, ಆ ದಿನದ ಮೊದಲ ನಗು:
'ರೈಟರಿಗೂ ಆಗಿದೆಯಾ ಇದು?'

ಯಾರಿಗೆ ತಂದ ಸೀರೆಯೋ,
ಪೂರ್ತಿ ಸುಟ್ಟಿತೋ, ಸೆರಗಷ್ಟೇ ಸುಟ್ಟಿತೋ.
ಒಂದು ಮೂಟೆಯ ಲೆಕ್ಕ ತಪ್ಪದ ಮನುಷ್ಯ
ಇದನ್ನು ಯಾರಿಗೂ ಹೇಳಿಲ್ಲ, ತೆಗೆಸಿಯೂ ಇಲ್ಲ.
ಹೆಸರಿಗೆ ತಕ್ಕಂತೆ ಸೈಲೆನ್ಸರೂ ಬಾಯಿ ಬಿಟ್ಟಿಲ್ಲ.

'ಇದನ್ನೂ ತೆಗೀಲಾ? ಕಾಲು ಗಂಟೆ ಕೆಲಸ.
ಹೊಸದರ ಹಾಗೆ ಹೊಳೆಯುತ್ತೆ.'
ಮುತ್ತ ರಸ್ತೆ ಕಡೆ ನೋಡಿದ. ಹಳದಿ ಕಡೆ ನೋಡಿದ.
'ಬೇಡ. ಇದ್ದ ಹಾಗೆ ಕೊಡಬೇಕು.'

ಕಷ್ಟ ಶುರುವಾದದ್ದು ಆಮೇಲೆ.
ಸೀಮೆಎಣ್ಣೆ ಹಾಕುವಂತಿಲ್ಲ, ಅಕ್ಷರ ಅಳಿಯುತ್ತದೆ.
ಉಜ್ಜುವಂತಿಲ್ಲ. ಊದಿ ಊದಿ ಆರಿಸಿ, ಮತ್ತೆ ಕಾಯಿಸಿ,
ನಮ್ಮದಷ್ಟನ್ನೇ ಬಿಡಿಸಿದೆವು, ಅವರದನ್ನು ಅವರಿಗೆ ಬಿಟ್ಟು.
ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ
ಒಂದು ಕಲೆಯನ್ನು ಇಷ್ಟು ಜೋಪಾನ ಮಾಡಿದ್ದು ನಾನು ಕಾಣೆ.

ಟಯರಿನ ಮೇಲೆ ಕೂತು ಪ್ರಶ್ನೆಪತ್ರಿಕೆಯ ಬೆನ್ನಿಗೆ
ಮತ್ತೆ ಲೆಕ್ಕ ಮಾಡುತ್ತಿದ್ದ ಸಿನಿ ಎದ್ದು ಬಂದಳು.
ನೆಲದ ನೀಲಿ ಚೂರುಗಳನ್ನೆಲ್ಲ ಆರಿಸಿ
ಕೋಟಿನ ತೂತಿಗೆ ಇಟ್ಟು ನೋಡಿದಳು.
ತೂತು ದೊಡ್ಡದು, ಚೂರು ಕಮ್ಮಿ.

'ಉಳಿದದ್ದು ಎಲ್ಲಿ ಹೋಯ್ತು?'

ನಾನು ಮುತ್ತನ ಮುಖ ನೋಡಿದೆ, ಮುತ್ತ ನನ್ನ ಮುಖ.
ಹೊರಗೆ ಐದರ ಬಸ್ಸು,
ಆನೆ ದಾಟಿದ ದಾರಿಯಿಂದ, ಖಾಲಿ ಬಂತು.